ಮುಚ್ಚಳ ತೆಗೆದ ಕಷಾಯ

"ಲೇಖನದಲ್ಲಿ ನಿಮ್ಮ ಮನೆಯವರ ಹೆಸರೇ ಮೊದಲು ಬರಬೇಕಲ್ವೇನ್ರೀ?"

ಸಂಶೋಧನಾ ಸಂಸ್ಥೆಯ ನಿರ್ದೇಶಕರು ಹೀಗೆ ಕೇಳಿದಾಗ ಸಂಶೋಧಕನ ಬಾಯಲ್ಲಿದ್ದ ಚಹಾ ನೆತ್ತಿಗೇರಿತು. ಕೆಮ್ಮು ಬಂದದ್ದೇ ಒಳ್ಳೆಯದಾಯಿತು. ಉತ್ತರ ಕೊಡುವುದು ತಪ್ಪಿತು.

ಹಳೆಯ ವೈದ್ಯಗ್ರಂಥವೊಂದರಲ್ಲಿ ಹೇಳಿದ ಕೀಲುನೋವಿನ ಕಷಾಯವನ್ನು ಅವನು ಮೂರು ವರ್ಷದಿಂದ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಿದ್ದ. ಆ ತಾಳೆಯೋಲೆಗಳನ್ನು ಓದಿ ಬರೆದುಕೊಟ್ಟವಳು ಅದೇ ಸಂಸ್ಥೆಯ ಹಸ್ತಪ್ರತಿ ವಿಭಾಗದಲ್ಲಿದ್ದ ಅವನ ಹೆಂಡತಿ. ಹದಿನಾರು ಪಾಲು ನೀರು ಹಾಕಿ, ನಾಲ್ಕಕ್ಕೆ ಇಳಿಯುವವರೆಗೆ ಕುದಿಸಬೇಕು ಎಂದಿತ್ತು. ಸುಮ್ಮನೆ ಹೊತ್ತು ಹಾಳು ಎಂದು ಇವನು ಮೊದಲೇ ನಾಲ್ಕು ಪಾಲು ನೀರು ಅಳೆದು, ಆವಿ ಒಂದಿಷ್ಟೂ ಆಚೆ ಹೋಗದಂತೆ ಬಿಗಿಯಾಗಿ ಮುಚ್ಚಿ ಕುದಿಸಿದ. ಕೊನೆಗೆ ಉಳಿಯುವುದು ನಾಲ್ಕೇ ತಾನೆ! ಲೆಕ್ಕದಲ್ಲಿ ಅವನು ಯಾವತ್ತೂ ಜಾಣ. ಇಲಿಗಳಿಗೆ ಮಾತ್ರ ಆ ಲೆಕ್ಕ ತಿಳಿಯಲಿಲ್ಲ. ಒಂದರ ಕಾಲಿನ ಊತವೂ ಇಳಿಯಲಿಲ್ಲ.

ಹೋದ ತಿಂಗಳು, ಅವನು ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು ಅವಳು ಪ್ರಯೋಗಾಲಯಕ್ಕೆ ಬಂದಳು.

"ಇದೇನ್ರೀ, ಪಾತ್ರೆ ಬಾಯಿ ಕಟ್ಟಿಬಿಟ್ಟಿದ್ದೀರಲ್ಲ! ಮುಚ್ಚದೆ ಕುದಿಸ್ಬೇಕು ಅಂತ ಬರೆದುಕೊಟ್ಟಿದ್ನಲ್ಲ?"

"ಸಾಮಾನಿನ ಪಟ್ಟಿ, ಅಳತೆ ಅಷ್ಟೇ ನೋಡ್ಕೊಂಡಿದ್ದೆ" ಎಂದ. ಪಕ್ಕದಲ್ಲಿದ್ದ ಕಿರಿಯರು ಕಿಸಕ್ಕೆಂದರು.

ಗ್ರಂಥದಲ್ಲಿ ಹೇಳಿದ ಹಾಗೇ ಕಾಸಿದ ಕಷಾಯಕ್ಕೆ ಊತ ಇಳಿಯಿತು. ಸಂತೋಷಪಡಬೇಕಾದ ಮನುಷ್ಯ ಲೆಕ್ಕ ಹಾಕುತ್ತ ಕೂತ. ತನ್ನದು ಮೂರು ವರ್ಷ, ಅವಳದು ಮೂರು ನಿಮಿಷ. ಈಗೀಗ ಕಿರಿಯರು ಏನೇ ಸಂಶಯ ಬಂದರೂ "ಮೇಡಂನ ಕೇಳೋಣ" ಎನ್ನುತ್ತಿದ್ದರು. ಮನೆಯಲ್ಲಿ ಅವಳು ಹಾಡು ಗುನುಗಿದರೂ ತನ್ನನ್ನೇ ಆಡಿಕೊಂಡಂತೆ ಅವನಿಗೆ ಕೇಳುತ್ತಿತ್ತು.

ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಗಾಜಿನ ಸಾಮಾನು ತೊಳೆದವರ ಪಕ್ಕಕ್ಕೆ ಅವಳ ಹೆಸರು ಸೇರಿಸಿದ್ದ. ನಿರ್ದೇಶಕರ ಮಾತು ಕೇಳಿದ ಮೇಲೆ ಹಟ ಇನ್ನೂ ಹೆಚ್ಚಿತು. ಸಂಜೆ ಮನೆಗೆ ಬಂದವನೇ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟ. ಜಗಳವಾದರೆ ಆಗಲಿ ಎಂದೇ ಇಟ್ಟಿದ್ದ.

ಅವಳು ಕೊನೆಯವರೆಗೂ ಓದಿದಳು. ಕೃತಜ್ಞತೆಯ ಸಾಲಿನಲ್ಲಿ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಮುಚ್ಚಿ ಕುದಿಸಿದ್ರಲ್ಲ, ಅದರ ಫಲಿತಾಂಶ ಎಲ್ಲಿ?"

"ಅದನ್ನ ಯಾಕೆ ಹಾಕ್ಲಿ? ಮರ್ಯಾದೆ ಕಳ್ಕೊಳ್ಳೋಕಾ?"

"ಅದಿಲ್ದಿದ್ರೆ ಪಾತ್ರೆ ತೆರೆದಿದ್ರಿಂದಲೇ ಗುಣ ಬಂತು ಅಂತ ಯಾರು ನಂಬ್ತಾರೆ? ನಾನು ಓದಿದ್ದು ಒಂದು ಸಾಲು. ಅದು ನಿಜ ಅಂತ ತೋರ್ಸೋದು ನಿಮ್ಮ ಆ ಮೂರು ವರ್ಷಾನೇ. ನನ್ನ ಕೈಲಿ ಅದು ಆಗ್ತಿರ್ಲಿಲ್ಲ."

ಇಷ್ಟು ಹೇಳಿ ಅವಳು ಒಣಗಿದ ಬಟ್ಟೆ ತರಲು ಹೋದಳು. ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಇದೂ ಅವಳಿಗೇ ಹೊಳೆಯಬೇಕಿತ್ತೆ?

ಸೋತ ಪ್ರಯೋಗಗಳನ್ನೆಲ್ಲ ಒಂದೊಂದಾಗಿ ಕೋಷ್ಟಕಕ್ಕೆ ಸೇರಿಸಿದ. ಕೃತಜ್ಞತೆಯ ಸಾಲಿನಿಂದ ಅವಳ ಹೆಸರನ್ನು ತೆಗೆದ. ಮೊದಲ ಪುಟಕ್ಕೆ ಹೋಗಿ, ತನ್ನ ಹೆಸರಿಗಿಂತ ಮುಂಚೆ ಅದನ್ನು ಟೈಪು ಮಾಡಿದ, ಅಳಿಸಿದ, ಮತ್ತೆ ಮಾಡಿದ. ಅಷ್ಟರಲ್ಲಿ ಅವಳು ಬಟ್ಟೆಯ ರಾಶಿ ಹೊತ್ತು ಬಂದು ಹಿಂದೆ ನಿಂತಳು. ಅವನು ತಟ್ಟನೆ ಪರದೆಗೆ ಅಂಗೈ ಅಡ್ಡ ಹಿಡಿದ, ಪರೀಕ್ಷೆಯಲ್ಲಿ ಪಕ್ಕದವರಿಗೆ ಉತ್ತರ ತೋರಿಸದ ಹುಡುಗನ ಹಾಗೆ.