ಟೇಪಿನ ಮೊದಲ ಇಂಚು

ಸಂಜೆ ನಾಲ್ಕೂ ಇಪ್ಪತ್ತಕ್ಕೆ ನೀಲಿ ಫ್ರಾಕಿನ ಬೆನ್ನಿನ ಗುಂಡಿ ಕೂರಲಿಲ್ಲ. ಆರಕ್ಕೆ ಶಾಲೆಯಲ್ಲಿ ಹಾಡಿನ ಕಾರ್ಯಕ್ರಮ. ಹನ್ನೆರಡು ಹುಡುಗಿಯರಿಗೂ ನೀಲಿ ಫ್ರಾಕು. ಎಂಟು ವರ್ಷದ ಮಗಳು ದರ್ಜಿಯ ಕನ್ನಡಿ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಬಸ್ ಕಂಡಕ್ಟರ್ ಆದ ತಂದೆ, ಡ್ಯೂಟಿಯ ಬಟ್ಟೆಯಲ್ಲೇ ಬಂದವನು, ಎರಡೂ ಬದಿ ಎಳೆದು ನೋಡಿ ಕೈಬಿಟ್ಟ.

ತಪ್ಪೆಲ್ಲಿ ಆಯಿತೆಂದು ದರ್ಜಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಅವನ ಅಳತೆ ಟೇಪಿನ ಮೊದಲ ಇಂಚು ಸವೆದು ಹರಿದುಹೋಗಿ ಆರು ವರ್ಷವಾಗಿತ್ತು. ಟೇಪು ಇಪ್ಪತ್ತೈದು ತೋರಿಸಿದರೆ ಒಂದು ಕಳೆದು ಇಪ್ಪತ್ನಾಲ್ಕು ಎಂದು ಬರೆದುಕೊಳ್ಳುವುದು ರೂಢಿ. ಈ ಫ್ರಾಕಿಗೂ ಹಾಗೇ ಬರೆದಿದ್ದ. ಕತ್ತರಿಸುವಾಗ ಆಗಲೇ ಕಳೆದದ್ದನ್ನು ಮರೆತು ಇನ್ನೊಂದು ಇಂಚು ಕಳೆದಿದ್ದ. ಹೊಲಿಗೆ ಬಿಚ್ಚಿ ಅಗಲ ಮಾಡೋಣವೆಂದರೆ ಒಳಗೆ ಬಟ್ಟೆ ಉಳಿಸಿರಲಿಲ್ಲ.

ಕುಣಿಯಲಾರದವನಿಗೆ ನೆಲ ಡೊಂಕು. "ಒಂದು ತಿಂಗಳಲ್ಲಿ ಮಗು ಮೈ ತುಂಬ್ಕೊಂಡಿದೆ ಸಾರ್," ಎಂದ. ಸಾಲದ್ದಕ್ಕೆ ಅದೇ ಟೇಪನ್ನು ಅವಳ ಎದೆಯ ಸುತ್ತ ಹಿಡಿದ. "ಇಪ್ಪತ್ತೈದು. ಪುಸ್ತಕದಲ್ಲಿ ಇಪ್ಪತ್ನಾಲ್ಕಿದೆ, ನೀವೇ ನೋಡಿ." ಈ ಸಲ ಒಂದು ಕಳೆಯಲಿಲ್ಲ.

"ನಾನು ದಪ್ಪ ಆದ್ನಾ ಅಪ್ಪಾ?"

"ಬೆಳೆದೆ ಪುಟ್ಟಿ. ಬೆಳೆಯೋರು ಬೆಳೀಲೇಬೇಕಲ್ಲ."

"ನಾನೊಬ್ಬಳೇ ಮನೇಲಿರೋ ಬಿಳೀ ಫ್ರಾಕು ಹಾಕ್ಕೊಂಡ್ರೆ ಎಲ್ಲರೂ ನಗ್ತಾರೆ."

"ನಗಲಿ ಬಿಡು. ಬಸ್ಸಲ್ಲಿ ಅರವತ್ತು ಜನ ಕೂತಿದ್ರೂ ಕಾಣೋನು ನಿಂತಿರೋ ಕಂಡಕ್ಟರೇ."

ಅವಳು ಅವನ ಹೊಟ್ಟೆಗೆ ಗುದ್ದಿದಳು. ನೀನು ನಿನ್ನೆಯೇ ಬರಬೇಕಿತ್ತು ಎಂದು ಇನ್ನೊಂದು ಗುದ್ದು ಕೊಟ್ಟಳು. "ಹೌದು, ನಂದೇ ತಪ್ಪು," ಎಂದ ತಂದೆ. ಮೊಣಕಾಲೂರಿ ಕೂತು ಅವಳ ಮೂಗು ಒರೆಸಿದ, ಚಪ್ಪಲಿಯ ಪಟ್ಟಿ ಬಿಗಿದ. ದರ್ಜಿ ಮಶೀನಿನ ಮೇಲಿನ ನೂಲಿನ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ತಪ್ಪು ನನ್ನದು ಎನ್ನಲು ಎರಡು ಮಾತು ಸಾಕಿತ್ತು. ಹೊರಡುವಾಗ ತಂದೆಯೇ, "ನಿಮಗೂ ತೊಂದ್ರೆ ಆಯ್ತು," ಎಂದ.

ಮರುದಿನ ದರ್ಜಿ ಹೊಸ ಟೇಪು ಕೊಂಡ.

ಎರಡು ತಿಂಗಳ ಮೇಲೆ ಅಪ್ಪ, ಮಗಳು ಶಾಲೆಯ ಸಮವಸ್ತ್ರದ ಬಟ್ಟೆ ಹಿಡಿದು ಬಂದರು. ಹೊಸ ಟೇಪು ಇಪ್ಪತ್ನಾಲ್ಕು ತೋರಿಸಿತು. ಹುಡುಗಿ ಹಿಗ್ಗಿದಳು.

"ನೋಡ್ದ್ಯಾ ಅಪ್ಪಾ? ದಿನಾ ಊಟ ಅರ್ಧ ಬಿಟ್ಟಿದ್ದಕ್ಕೇ ಒಂದಿಂಚು ಇಳೀತು."

ದರ್ಜಿಯ ಕೈಯಲ್ಲಿ ಪೆನ್ಸಿಲ್ ನಿಂತಿತು. ತಂದೆಯನ್ನು ಬದಿಗೆ ಕರೆದು ಹರಿದ ಟೇಪಿನ ಸಂಗತಿಯನ್ನೂ ತನ್ನ ಸುಳ್ಳನ್ನೂ ಹೇಳಿದ. ತಂದೆ ಪೂರ್ತಿ ಕೇಳಿಸಿಕೊಂಡ. ದನಿ ಏರಿಸಲಿಲ್ಲ.

"ಇದನ್ನ ನನಗಲ್ಲ, ಅವಳಿಗೆ ಹೇಳಿ."

ದರ್ಜಿ ಅವಳ ಮುಂದೆ ಮೊಣಕಾಲೂರಿ ಕೂತು ಹೇಳಿದ.

"ಹಂಗಾದ್ರೆ ಅವತ್ತು ನಾನು ಸರಿಯಾಗೇ ಇದ್ನಾ?"

"ಸರಿಯಾಗೇ ಇದ್ದೆ ಕಂದಾ. ಫ್ರಾಕೇ ಚಿಕ್ಕದಾಗಿತ್ತು."

ತಂದೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡ. ಇಬ್ಬರೂ ರಸ್ತೆ ದಾಟಿ ಎದುರಿನ ದರ್ಜಿಯ ಅಂಗಡಿಗೆ ಹೋದರು.