ಟವೆಲ್ಲಿನ ಕೆಳಗೆ ಹೋದ ಹಡಗಿನ ಗಂಟೆ

ಹೊನ್ನವಳ್ಳಿಯವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಊರಿನಲ್ಲಿ ಯಾರಿಗೂ ಅದರ ಅಗತ್ಯ ಕಂಡಿರಲಿಲ್ಲ. ಪರಮಶಿವಯ್ಯನವರೊಬ್ಬರಿಗೆ ಕಂಡಿತ್ತು. ಕೊಬ್ಬರಿ ಮೂಟೆಗಳ ಜೊತೆ ಬೊಂಬಾಯಿಗೆ ಹೋದವರು ಅಲ್ಲೇ ಹಡಗು ಹತ್ತಿ, ಅದರ ಉಗ್ರಾಣ ನೋಡಿಕೊಳ್ಳುವ ಕೆಲಸ ಹಿಡಿದು, ತಲೆ ನರೆತ ಮೇಲೆ ಒಂದು ಲಾರಿ ಸಾಮಾನಿನೊಂದಿಗೆ ಊರಿಗೆ ಬಂದರು. ಹಿತ್ತಾಳೆಯ ದುರ್ಬೀನು, ಚುಕ್ಕಾಣಿಯ ಚಕ್ರ, ಶೀಶೆಯೊಳಗೆ ಕೂತ ಪುಟ್ಟ ಹಡಗು, ಸಮುದ್ರದ ಬಂಡೆಯ ಮೇಲೆ ಕೂದಲು ಒಣಗಿಸುತ್ತಿರುವ, ಬಟ್ಟೆಯ ವಿಷಯದಲ್ಲಿ ಅಷ್ಟೇನೂ ಕಾಳಜಿಯಿಲ್ಲದ ಪರದೇಶದ ಹೆಂಗಸಿನ ತೈಲಚಿತ್ರ, ಮತ್ತೆ ಹಡಗಿನದೊಂದು ಗಂಟೆ.

ಗಂಟೆಯನ್ನು ಅವರು ಬಂದ ವಾರವೇ ಅತ್ತಿಗೆ ಗಿರಿಜಾಂಬಿಕಾ ಅವರ ಜಗಲಿಗೆ ನೇತುಹಾಕಿದರು. ಅಣ್ಣ ಮಲ್ಲಿಕಾರ್ಜುನಯ್ಯನವರಿಗೆ ಕಿವಿ ಹೋಗಿತ್ತು. ತೋಟದ ಆ ತುದಿಯಲ್ಲಿರುವ ಗಂಡನನ್ನು ಊಟಕ್ಕೆ ಕರೆಯಲು ಗಿರಿಜಾಂಬಿಕಾ ಮಂಡಿನೋವಿನಲ್ಲಿ ಅಷ್ಟು ದೂರ ನಡೆಯಬೇಕಿತ್ತು. ಮಂಜಿನಲ್ಲಿ ಬೇರೆ ಹಡಗುಗಳನ್ನು ಎಚ್ಚರಿಸಲೆಂದು ಎರಕ ಹೊಯ್ದಿದ್ದ ಆ ಗಂಟೆ ಮಲ್ಲಿಕಾರ್ಜುನಯ್ಯನವರಿಗೂ ಕೇಳಿಸಿತು. ಅದೊಂದೇ ಕೇಳಿಸುತ್ತಿತ್ತು.

ಎಂಬತ್ತೊಂದನೇ ಇಸವಿಯಲ್ಲಿ ಪರಮಶಿವಯ್ಯ ತೀರಿಕೊಂಡರು. ಬೊಂಬಾಯಿಯಲ್ಲಿದ್ದ ಮಗ ಓಂಕಾರ ಬಂದು, ಅಪ್ಪನ ಸಾಮಾನನ್ನೆಲ್ಲ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಹರಾಜಿಗಿಟ್ಟ. ಬೆಂಗಳೂರಿನಿಂದ ಟೈ ಕಟ್ಟಿದ ಹರಾಜುಗಾರನನ್ನು ಕರೆಸಿದ. ಜಗಲಿಯ ಗಂಟೆಗೂ ಚೀಟಿ ಅಂಟಿತು.

"ಅದು ನನ್ ಗಂಟೆ ಕಣಪ್ಪ. ನಿಮ್ಮಪ್ಪನೇ ಕಟ್ಟಿಕೊಟ್ಟಿದ್ದು," ಎಂದರು ಗಿರಿಜಾಂಬಿಕಾ.

"ನಂಬರ್ ಬಿದ್ದುಬಿಟ್ಟಿದೆ ದೊಡ್ಡಮ್ಮ. ಬೇಕಾದ್ರೆ ನೀವೂ ಬಂದು ಕೂಗಿ."

ಕೂಗುವ ಹಾಗಿರಲಿಲ್ಲ. ಕೊಬ್ಬರಿ ವರ್ತಕರೂ ದೇವಸ್ಥಾನ ಸಮಿತಿಯ ಯಜಮಾನರೂ ಆದ ಶಂಭುಲಿಂಗಯ್ಯ, ಆ ಗಂಟೆ ಗುಡಿಗೇ ಎಂದು ಆಗಲೇ ಊರಿಗೆಲ್ಲ ಸಾರಿದ್ದರು. ದೇವರ ಮೇಲೆ ಪೈಪೋಟಿಗೆ ಇಳಿದವರು ಸೋಮವಾರ ಅದೇ ದೇವರಿಗೆ ಯಾವ ಮುಖ ಹೊತ್ತು ಹಣ್ಣುಕಾಯಿ ಒಯ್ಯುವುದು?

ಹರಾಜಿನ ದಿನ ಮಂಡಿ ತುಂಬಿತು. ಅಟ್ಟದಲ್ಲಿಟ್ಟ ತೆಂಗಿನಕಾಯಿ ಒಳಗೇ ಒಣಗಿ ಕೊಬ್ಬರಿಯಾಗಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಈ ಸೀಮೆಯ ಕೈಗಳಿಗೆ ಅಂಟಿದ ಅಭ್ಯಾಸ. ಹಂದನಕೆರೆಯ ಸಣ್ಣತಿಮ್ಮಯ್ಯ ಶೀಶೆಯ ಹಡಗನ್ನೂ ಹಾಗೇ ಅಲ್ಲಾಡಿಸಿದರು. ಒಳಗೆ ಹಾಯಿಪಟದ ಕಂಬ ಕಿತ್ತುಬಂದು ಗಡಗಡ ಎಂದಿತು.

"ಆಗೈತೆ ಬುಡು," ಎಂದು ತೃಪ್ತಿಯಿಂದ ಕೆಳಗಿಟ್ಟರು.

ಹರಾಜುಗಾರ ಸುತ್ತಿಗೆ ಹಿಡಿದು, ಬೆಲೆ ಕೂಗಿ ಎಂದ. ಯಾರೂ ಕೂಗಲಿಲ್ಲ. ಬಂಡೆಯ ಮೇಲಿನ ಹೆಂಗಸಿನ ಕಲಾಗುಣಗಳನ್ನು ವರ್ಣಿಸಿದ. ಜನ ಕಣ್ಣು ಕೀಳದೆ ನೋಡಿದರು. ಕೂಗಲಿಲ್ಲ.

"ಬೇಡವೇನ್ರೀ ನಿಮಗೆ?"

"ಬೇಕು ಕಣ್ರೀ," ಎಂದರು ಸಣ್ಣತಿಮ್ಮಯ್ಯ. "ಅದ್ಕೆ ಬೀಗರ ಎದ್ರಿಗೆ ರೇಟು ಕಿರುಚ್ಕಬೇಕಾ? ಮಾನಸ್ಥರು ಕಣ್ರೀ ನಾವು."

ಅಲ್ಲಿದ್ದ ಹಳಬರೆಲ್ಲ ಬೇರೆಯವರಿಗೆ ಕಾಣದಂತೆ ಟವೆಲ್ಲಿನ ಕೆಳಗೆ ಒಬ್ಬರ ಬೆರಳೊಬ್ಬರು ಹಿಡಿದು ಕೊಬ್ಬರಿ ದರ ಮಾತಾಡಿದವರು. ಗಿರಿಜಾಂಬಿಕಾ ಪಕ್ಕದಲ್ಲಿದ್ದ ಗಂಡನ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಮಲ್ಲಿಕಾರ್ಜುನಯ್ಯ ಕಿವಿ ಹೋಗುವವರೆಗೂ ತಿಪಟೂರಿನ ದಲ್ಲಾಳಿ. ಅವರ ಕಿವಿಗೆ ಹೇಳಿದ ಗುಟ್ಟು ಅರಸೀಕೆರೆಗೂ ಕೇಳಿಸುವಂತಾದ ಮೇಲೆ ಗಂಡಹೆಂಡಿರ ಖಾಸಗಿ ಮಾತೆಲ್ಲ ಬೆರಳುಗಳಲ್ಲೇ ನಡೆಯುತ್ತಿತ್ತು. ಹೆಂಡತಿಯ ಬೆರಳು ಹೇಳಿದ್ದನ್ನು ಕೇಳಿ ಅವರು ತಲೆಯಾಡಿಸಿದರು. ಎದ್ದುಹೋಗಿ, ಹೆಗಲ ಟವೆಲ್ ತೆಗೆದು ಹರಾಜುಗಾರನ ಕೈಗೆ ಹೊದಿಸಿದರು.

"ಒಂದು ಬೆರಳು ಅಂದ್ರೆ ಒಂದು. ಮುಷ್ಟಿ ಅಂದ್ರೆ ಐದು," ಎಂದು ಮಂಡಿಯ ಛಾವಣಿ ನಡುಗುವಂತೆ ಪಾಠ ಹೇಳಿದರು. "ಹತ್ತೋ ನೂರೋ ಅನ್ನೋದು ಮಾಲು ನೋಡಿ ತಿಳ್ಕಬೇಕು!"

ಹರಾಜುಗಾರ ಮೊದಮೊದಲು ಕಚಗುಳಿಯಾಗಿ ನಕ್ಕ. ದರ ಏರುತ್ತಿರುವುದು ಅಂಗೈಗೆ ತಿಳಿದ ಮೇಲೆ ಗಂಭೀರನಾದ.

ಚಿತ್ರದ ಸರದಿಯಲ್ಲಿ ಶಂಭುಲಿಂಗಯ್ಯ ಮುಂದೆ ಬಂದು, "ಟವೆಲ್ ಒಳಗಿನ ಮಾತು ಹೊರಗೆ ಬರ್ಬಾರ್ದು, ತಿಳೀತೇನ್ರೀ? ಮಾಲು ಯಾರಿಗೆ ಹೋಯ್ತು ಅನ್ನಂಗಿಲ್ಲ. ಸಂಜೆ ಹಿಂದಿನ ಬಾಗ್ಲಲ್ಲಿ ಕೊಟ್ಬುಡಿ," ಎಂದು ತಾಕೀತು ಮಾಡಿ, ಕೈ ಹಾಕಿ, ಭಕ್ತಿಯ ಮುಖದಲ್ಲೇ ಹಿಂದಿರುಗಿದರು.

ಕೊನೆಗೆ ಗಂಟೆ ಬಂತು.

"ಇದು ಸ್ವಾಮಿ ಮಾಲು," ಎಂದು ಶಂಭುಲಿಂಗಯ್ಯ ಎದ್ದು ನಿಂತರು. "ಯಾರೂ ಕೈ ಹಾಕ್ಬಾರ್ದು."

ಸಭೆ ಒಕ್ಕೊರಲಿನಿಂದ ಒಪ್ಪಿ, ಎದ್ದು ಸಾಲಾಗಿ ನಿಂತಿತು.

"ನೀನ್ಯಾಕ್ಲಾ ಬಂದೆ?" ಎಂದು ಸಾಲಿನಲ್ಲೊಬ್ಬರು ಹಿಂದಿನವನನ್ನು ಕೇಳಿದರು.

"ಬ್ಯಾಡ ಅಂತ ಹೇಳಿ ಬತ್ತೀನಿ ಕಣಣ್ಣ."

ಶಂಭುಲಿಂಗಯ್ಯ ಮೊದಲಿಗರಾಗಿ ಬೆರಳು ಹಿಡಿದರು. ದೇವರ ಪರವಾಗಿ ಹೋದವರು ಹೆಚ್ಚು ಬೆರಳು ಹಿಡಿಯುವುದಿಲ್ಲ. ಬೇಡವೆಂದು ಹೇಳಲು ಹೋದವರೆಲ್ಲ ಕಲ್ಲಿನಂಥ ಮುಖ ಹೊತ್ತು ಮರಳಿದರು. ಎಲ್ಲರ ಹಿಂದೆ ಮಲ್ಲಿಕಾರ್ಜುನಯ್ಯ ಹೋಗಿ ಒಂದೇ ಸಲ ಒತ್ತಿದರು. ಹರಾಜುಗಾರನ ಹುಬ್ಬು ಮೇಲೇರಿತು. ಸುತ್ತಿಗೆ ಬಿತ್ತು.

"ಗಂಟೆ ಗುಡಿಗಲ್ಲ. ಬೇರೆಯವರಿಗೆ."

"ಯಾವನ್ರೀ ಅವ್ನು? ಹೆಸರು ಹೇಳ್ರೀ!" ಶಂಭುಲಿಂಗಯ್ಯ ಗುಡುಗಿದರು.

"ಹೇಳ್ತೀನಿ ಸಾರ್," ಎಂದ ಹರಾಜುಗಾರ. "ಹೇಳೋದಾದ್ರೆ ಆ ಚಿತ್ರ ಯಾರಿಗೆ ಹೋಯ್ತು ಅನ್ನೋದರಿಂದಲೇ ಶುರುಮಾಡ್ತೀನಿ."

ಶಂಭುಲಿಂಗಯ್ಯ ಕೂತರು.

ಹೀಗೆ ಗಂಟೆ ಮನೆಗೆ ಬಂತು. ಬಂದ ಮೇಲೆ ಗಿರಿಜಾಂಬಿಕಾ ಅವರಿಗೆ ಇನ್ನೊಂದು ಹೊಳೆಯಿತು. ಅದನ್ನು ಹೊಡೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೊಡೆಯದಿದ್ದರೆ ತಂದದ್ದೇಕೆ? ಸದ್ಯಕ್ಕೆ ಅಟ್ಟದ ಕಾಯಿಗಳ ನಡುವೆ ಗೋಣಿ ಹೊದಿಸಿಟ್ಟರು. ದೇವರ ಕೈಯಿಂದ ಕಿತ್ತುಕೊಂಡ ಪಾಪಿ ಯಾರೆಂದು ಊರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿತು. ಇತ್ತ ಮುದ್ದೆ ತಣ್ಣಗಾಗುತ್ತಿತ್ತು, ಗಿರಿಜಾಂಬಿಕಾ ಮತ್ತೆ ತೋಟಕ್ಕೆ ನಡೆಯುತ್ತಿದ್ದರು.

ಒಂದು ಮಧ್ಯಾಹ್ನ ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡಿತು. ಬದುವಿನ ಮೇಲೆ ಕೂತು ಮಂಡಿ ಉಜ್ಜಿಕೊಂಡರು, ಯೋಚಿಸಿದರು, ಎದ್ದು ಮನೆಗೆ ವಾಪಸು ಬಂದರು. ಗಂಟೆ ಇಳಿಸಿ, ಜಗಲಿಗೆ ಕಟ್ಟಿ, ಹೊನ್ನವಳ್ಳಿಯೆಲ್ಲ ಬೆಚ್ಚುವಂತೆ ಬಾರಿಸಿದರು.

ಶಂಭುಲಿಂಗಯ್ಯ ಚಪ್ಪಲಿ ಮರೆತು ಓಡಿಬಂದರು.

"ಹಂಗಾರೆ ನೀವೇನಮ್ಮ! ಸ್ವಾಮಿ ಮೇಲೆ ಸವಾಲು ಹಾಕಿದ್ದು ನೀವೇ!"

"ನಾನೇ," ಎಂದರು ಗಿರಿಜಾಂಬಿಕಾ. "ಸ್ವಾಮಿಗೆ ಗಂಟೆ ಹೊಡೀದಿದ್ರೂ ಕೇಳ್ತದೆ. ನಮ್ಮನೆಯೋರಿಗೆ ಕೇಳಾಕಿಲ್ಲ."

ಅಷ್ಟರಲ್ಲಿ ತೋಟದ ಕಡೆಯಿಂದ ಮಲ್ಲಿಕಾರ್ಜುನಯ್ಯ ನಗುತ್ತ ಬಂದರು.

"ಓ, ಶಂಭುಲಿಂಗಯ್ನೋರು! ನಿಮ್ಗೂ ಕೇಳಿಸ್ತಾ? ಬನ್ನಿ ಬನ್ನಿ, ಕೈ ತೊಳ್ಕಳಿ. ಅವರೆಕಾಳಿನ ಸಾರು ಐತೆ."

ಊಟಕ್ಕೆ ಕರೆದವರಿಗೆ ಬೇಡ ಎನ್ನಬಹುದು. ಬೇಡ ಎಂದದ್ದು ಕೇಳಿಸದವರ ಎದುರಿಗೆ ಏನು ಮಾಡುವುದು? ಶಂಭುಲಿಂಗಯ್ಯ ಎರಡು ಸಲ ಹೇಳಿ ನೋಡಿದರು, ಆಮೇಲೆ ಚೊಂಬು ತೆಗೆದುಕೊಂಡರು.