ನೀರುಕೋಳಿ ಜೌಗಿನ ಕಂದಾಯ

ಬೀದಿಗೆಲ್ಲ ಆಕೆ ಟೈಲರಕ್ಕ. ಅಪ್ಪ ಬಿಟ್ಟುಹೋದ ಎರಡೆಕರೆ ಜೌಗಿನಲ್ಲಿ ನೀರುಕೋಳಿಗಳು ಗೂಡು ಕಟ್ಟಿದ್ದೇ ತಪ್ಪಾಯಿತು. ಸಂರಕ್ಷಣಾ ಇಲಾಖೆಯವರು ಬಂದು ಹೊಗಳಿ, ಫೋಟೊ ತೆಗೆಸಿಕೊಂಡು, ಅಂಚಿಗೊಂದು ಬೋರ್ಡು ನೆಟ್ಟು ಹೋದರು. ಕಟ್ಟುವಂತಿಲ್ಲ, ಅಗೆಯುವಂತಿಲ್ಲ, ಹುಲ್ಲು ಕೊಯ್ಯುವಂತಿಲ್ಲ; ಮರಿಯಾಗುವ ಕಾಲದಲ್ಲಿ ಮಾಲೀಕರೂ ಕಾಲಿಡುವಂತಿಲ್ಲ.

ಮರುವರ್ಷ ಕಂದಾಯ ಕಚೇರಿಯ ನೋಟಿಸು ಬಂತು: ಜಾಗವನ್ನು ಪಾಳು ಬಿಟ್ಟದ್ದಕ್ಕೆ ತೆರಿಗೆ ದುಪ್ಪಟ್ಟು.

ಟೈಲರಕ್ಕ ಕಚೇರಿಗೆ ಓಡಿದಳು. "ಮುಟ್ಟಬೇಡ ಅಂದಿದ್ದು ನೀವೇ ಅಲ್ವಾ ಸಾರ್?"

ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿದ. "ಅದು ಬೇರೆ ಇಲಾಖೆ. ವಿನಾಯಿತಿ ಬೇಕಾದ್ರೆ ಜಾಗ ಬಳಕೇಲಿರ್ಬೇಕು."

"ಹಕ್ಕಿಗಳು ಬಳಸ್ತಾ ಇವೆಯಲ್ಲ?"

"ಖಾತೆ ಹಕ್ಕಿ ಹೆಸರಲ್ಲಿದ್ಯಾ?"

ಪಕ್ಕದ ಜಾಗ ಅವಳ ಭಾವನದು. ಅಲ್ಲಿ ಹುಲ್ಲುಹಾಸು ಬೆಳೆಸಿ, ಸಿಮೆಂಟಿನ ಬಾತುಕೋಳಿ ಕೂರಿಸಿ, ಪಾರ್ಟಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಅದು 'ಹಸಿರು ವಲಯ'ವಂತೆ. ತೆರಿಗೆ ಪೂರ್ತಿ ಮಾಫಿ.

"ನೀನೂ ನೀಟಾಗಿ ಕತ್ತರಿಸ್ಬಿಡಮ್ಮ," ಎಂದು ಭಾವ ಬುದ್ಧಿ ಹೇಳಿದ. "ಅಧಿಕಾರಿಗಳ ಕಣ್ಣಿಗೆ ಪ್ರಕೃತಿ ಕಾಣಿಸ್ಬೇಕಲ್ವಾ?"

ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಸ್ಥಳ ಪರಿಶೀಲಿಸಿ ಎಂದು ಅರ್ಜಿ ಹಾಕಿದಳು.

ಬಂದ ಕಂದಾಯ ಇನ್ಸ್‌ಪೆಕ್ಟರು ಬೋರ್ಡು ಓದಲಿಲ್ಲ. "ಮರಿಯಾಗೋ ಕಾಲ, ಒಳಗೆ ಹೋಗ್ಬೇಡಿ ಸಾರ್" ಎಂದರೆ, "ನಮಗೇ ಕಾನೂನು ಹೇಳ್ಕೊಡ್ತೀರಾ?" ಎಂದು ಟೇಪು ಹಿಡಿದು ದಾಪುಗಾಲು ಹಾಕಿದ. ನಾಲ್ಕನೇ ಹೆಜ್ಜೆಗೆ ಸೊಂಟದವರೆಗೆ ಹೂತುಹೋದ.

"ಏನ್ರೀ ನೋಡ್ತಾ ನಿಂತಿದೀರ? ಎಳೀರಿ!"

"ಮಾಲೀಕರು ಕಾಲಿಡೋ ಹಾಗಿಲ್ಲ ಸಾರ್. ಅನುಮತಿಗೆ ಅರ್ಜಿ ಹಾಕ್ಲಾ? ಹದಿನೈದು ದಿನ ಹಿಡಿಯುತ್ತೆ."

"ಅಯ್ಯೋ, ಇಲ್ಲಿ ನೆಲಾನೇ ಇಲ್ವಲ್ರೀ!"

"ಅದನ್ನೇ ಬರ್ದು ಕೊಡಿ."

ಬೇರೆ ದಾರಿಯಿರಲಿಲ್ಲ. ಎದೆಗೆ ಫೈಲು ಒತ್ತಿ ಹಿಡಿದು ಬರೆದ: 'ತೆರಿಗೆ ಹಾಕಲು ಸ್ಥಳದಲ್ಲಿ ನೆಲ ಕಂಡುಬರಲಿಲ್ಲ.' ಕೆಳಗೊಂದು ರುಜು. ಆಮೇಲೆ ಅಕ್ಕ ಅಂಚಿನಿಂದಲೇ ಹಲಗೆ ಚಾಚಿದಳು. ಅವನು ಒಂದೇ ಬೂಟಿನಲ್ಲಿ ತೆವಳಿಕೊಂಡು ಮೇಲೆ ಬಂದ.

ಕಂದಾಯ ರದ್ದಾಯಿತು. ಆದರೆ ವಾರದೊಳಗೆ ಸಂರಕ್ಷಣಾ ಇಲಾಖೆಯ ಪತ್ರ ಬಂತು: ಎರಡು ಗೂಡು ತುಳಿತಕ್ಕೆ ಸಿಕ್ಕಿ ಹಾಳಾಗಿವೆ, ಕಾರಣ ತಿಳಿಸಿ. ಅಕ್ಕ ಇನ್ಸ್‌ಪೆಕ್ಟರನ ಹೆಸರು, ಹುದ್ದೆ, ಬೂಟಿನ ಅಳತೆ ಸಮೇತ ದುಂಡಗೆ ಬರೆದು ಕಳಿಸಿದಳು.

ಮೂರು ಸೋಮವಾರ ಅವನು ಆ ಇಲಾಖೆಯ ಬಾಗಿಲು ಕಾದ. ನಾಲ್ಕನೆಯದಕ್ಕೆ ಅವಳ ಅಂಗಡಿಗೇ ಬಂದ. "ಆ ಪತ್ರ ವಾಪಸ್ ತಗೊಂಡ್ಬಿಡಿ ತಾಯಿ. ಒಂದು ಹಕ್ಕಿಗೋಸ್ಕರ ಇಷ್ಟೊಂದಾ?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಬೆಳಕಿಗೆ ಅಡ್ಡ ನಿಂತಿದೀರ," ಎಂದಳು. "ಸ್ವಲ್ಪ ಆ ಕಡೆ ಸರ್ಕೊಳ್ಳಿ."